ಶುಕ್ರವಾರ ಒಂದು ಬಿಟ್ಟು: ಬಾದಾಮಿಯಿಂದ ಪಟ್ಟದಕಲ್ಲಿಗೆ ಎರಡು ದಿನದ ನಡಿಗೆ

ಜಾಹೀರಾತಲ್ಲಿ ಹೀಗಿತ್ತು: ‘ಮಲಪ್ರಭಾ ಕಣಿವೆಯಲ್ಲಿ ಎರಡು ದಿನದ ಸುಲಭ ನಡಿಗೆ. ಎಲ್ಲ ವಯಸ್ಸಿನವರಿಗೂ.’ ನನಗೆ ಅರವತ್ತೊಂದು. ನಮ್ಮ ಅತ್ತಿಗೆಗೆ ಅರವತ್ತೈದು. ಅವರ ಎಡ ಮಂಡಿಗೆ ಮಾತ್ರ ಎಪ್ಪತ್ತೈದು ಅಂತ ಅವರೇ ಹೇಳುತ್ತಾರೆ. ‘ಎಲ್ಲ ವಯಸ್ಸು’ ಅಂದರೆ ಆ ಮಂಡಿಯೂ ಸೇರುತ್ತದಾ ಅಂತ ಫೋನ್ ಮಾಡಿ ಕೇಳಿದೆ. ‘ಬನ್ನಿ ಮೇಡಂ, ಏನೂ ತೊಂದರೆ ಇಲ್ಲ’ ಅಂದರು. ಅಂಚೆ ಕಚೇರಿಯ ಕೌಂಟರಲ್ಲಿ 32 ವರ್ಷ ಕೂತವಳು ನಾನು. ‘ಏನೂ ತೊಂದರೆ ಇಲ್ಲ’ ಅನ್ನುವ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ನಂಬಿಕೆ ಕಡಿಮೆ. ಆದರೂ ದುಡ್ಡು ಕಟ್ಟಿದೆ. ಒಬ್ಬರಿಗೆ 2,600 ರೂಪಾಯಿ. ಗೈಡು, ಎರಡು ಮಧ್ಯಾಹ್ನದ ಊಟ, ಎರಡನೇ ದಿನದ ಗಾಡಿ ಇದರಲ್ಲೇ ಬಂತು. ಲಾಡ್ಜು, ಟಿಕೆಟ್ಟು ನಮ್ಮದೇ ಖರ್ಚು.

ನಡೆಸುವವರ ಹೆಸರು ಇಲ್ಲಿ ಹಾಕುವುದಿಲ್ಲ. ಹೊಗಳಬೇಕಾದದ್ದು ಗೈಡ್ ಹುಡುಗನನ್ನು, ಬೈಯಬೇಕಾದದ್ದು ಆಫೀಸನ್ನು. ಒಂದೇ ಹೆಸರಿಗೆ ಎರಡನ್ನೂ ಅಂಟಿಸುವುದು ಸರಿ ಕಾಣಲಿಲ್ಲ.

ತುಮಕೂರಲ್ಲಿ ರಾತ್ರಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಳಗಿನ ಜಾವ ಬಾದಾಮಿಯಲ್ಲಿ ಇಳಿದೆವು. ಸ್ಟೇಷನ್ನು ಊರಿನಿಂದ ಐದು ಕಿಲೋಮೀಟರ್ ದೂರ. ಜನವರಿಯ ಚಳಿಗೆ ಆಟೋದಲ್ಲಿ ಹಲ್ಲು ಕಟಕಟ ಅಂದವು. ಲಾಡ್ಜಲ್ಲಿ ಮುಖ ತೊಳೆದು, ಇಡ್ಲಿ ತಿಂದು ಏಳೂವರೆಗೆ ಹೊರಗೆ ಬಂದರೆ ಹುಡುಗ ಆಗಲೇ ಬಂದು ನಿಂತಿದ್ದ. ಇಪ್ಪತ್ತಾರು ಇಪ್ಪತ್ತೇಳು ವಯಸ್ಸು, ಅಲ್ಲೇ ಪಕ್ಕದ ಹಳ್ಳಿಯವನು. ಮೊದಲ ಅರ್ಧ ಗಂಟೆ ನಾನು ‘ಮೇಡಮ್ಮಾರ’. ಆಮೇಲೆ ‘ಅಕ್ಕಾರ’ ಆದೆ. ನನ್ನ ಚೀಲವನ್ನು ತಾನೇ ಹೊರುತ್ತೇನೆ ಅಂದ. ಕೈಯಲ್ಲಿ ಎತ್ತಿ ನೋಡಿದೆ, ಮೂರೂವರೆ ಕಿಲೋ ಇತ್ತು. ಪಾರ್ಸೆಲ್ ಎತ್ತಿ ಎತ್ತಿ ಬಂದ ಅಭ್ಯಾಸ ಇದು, ತಪ್ಪುವುದಿಲ್ಲ. ಬೇಡಪ್ಪ, ಅತ್ತಿಗೆಯದು ಹೊತ್ತುಕೋ ಅಂದೆ.

ಮೊದಲ ಎಡವಟ್ಟು ಅಲ್ಲೇ ಆಯಿತು. ಅವರು ಕಳಿಸಿದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಮ್ಯೂಸಿಯಂ. ನಾಗನಾಥನ ಕೊಳ್ಳದಲ್ಲಿ ಸಿಕ್ಕ ಲಜ್ಜಾಗೌರಿ ಮೂರ್ತಿ ಅಲ್ಲಿದೆ. ಅತ್ತಿಗೆ ಮುಖ್ಯವಾಗಿ ಬಂದದ್ದೇ ಅದನ್ನು ನೋಡಲು. ಆದರೆ ಅವತ್ತು ಶುಕ್ರವಾರ. ಈ ಮ್ಯೂಸಿಯಂಗೆ ಶುಕ್ರವಾರ ರಜೆ. ಹುಡುಗ ತಲೆ ಕೆರೆದುಕೊಂಡು, ‘ಆಫೀಸಿನ್ಯಾಗ ಹೇಳೇನ್ರಿ, ಅವರು ತಗೀಲಿಲ್ಲ’ ಅಂದ. ಅವನ ತಪ್ಪೇನಿಲ್ಲ. ಆದರೆ ಶುಕ್ರವಾರ ಶುರುವಾಗುವ ಟ್ರಿಪ್ಪಿಗೆ ಶುಕ್ರವಾರ ಮುಚ್ಚಿರುವ ಜಾಗ ಹಾಕಿ ದುಡ್ಡು ತಗೊಳ್ಳುವುದು ಯಾವ ಲೆಕ್ಕ?

ಸಿಟ್ಟು ಇಳಿದದ್ದು ಅಗಸ್ತ್ಯತೀರ್ಥದ ದಡದಲ್ಲಿ. ಎದುರಿಗೆ ಕೆಂಪು ಬಂಡೆ, ಕೆಳಗೆ ಹಸಿರು ನೀರು, ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸದ್ದು. ಪೂರ್ವದ ತುದಿಯಲ್ಲಿ ಭೂತನಾಥನ ಗುಡಿ. ಅದನ್ನು ದಾಟಿ ತಟ್ಟುಕೋಟೆ ಕಡೆ ಬಂದರೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ. ಸುಮಾರು 700ನೇ ಇಸವಿಯದು. ಕನ್ನಡದ ತ್ರಿಪದಿ ಇಷ್ಟು ಹಳೆಯದು ಅನ್ನುವುದು ಈ ಬಂಡೆಯಿಂದಲೇ ಗೊತ್ತಾಗಿರುವುದು. ಸ್ಕೂಲಲ್ಲಿ ಬಾಯಿಪಾಠ ಮಾಡಿದ ‘ಸಾಧುಗೆ ಸಾಧು’ ಇಲ್ಲೇ ಕೊರೆದಿದೆ ಅಂತ ಬಂಡೆ ಮುಂದೆ ನಿಂತಾಗ ಒಂಥರಾ ಆಯಿತು. ಒಳ್ಳೆಯವನಿಗೆ ಒಳ್ಳೆಯವನು, ಪೀಡಿಸುವವನಿಗೆ ಕಲಿಯುಗದ ಕೇಡು. ನಮ್ಮ ಕೌಂಟರಿಗೂ ಇದೇ ನೀತಿ ಇತ್ತು, ಬರೆದು ಹಾಕಿರಲಿಲ್ಲ ಅಷ್ಟೇ. ಹುಡುಗ ಅಕ್ಷರ ಅಕ್ಷರವಾಗಿ ತೋರಿಸಿದ. ‘ಕ’ ಮತ್ತು ‘ಗ’ ಗುರುತು ಸಿಕ್ಕವು. ಆ ಹೊತ್ತಿಗೆ ಒಂದು ಮಂಗ ಅತ್ತಿಗೆಯ ಬಾಳೆಹಣ್ಣು ಕಿತ್ತುಕೊಂಡು ಹೋಯಿತು. ಬಾದಾಮಿಯಲ್ಲಿ ತಿನ್ನುವ ಪದಾರ್ಥ ಕೈಯಲ್ಲಿ ಹಿಡಿದು ನಡೆಯಬೇಡಿ.

ಇಲ್ಲಿಂದ ಮಹಾಕೂಟಕ್ಕೆ ಗುಡ್ಡದ ಮೇಲೆ ಕಾಲುದಾರಿ. ರಸ್ತೆಯಲ್ಲಿ ಹೋದರೆ ಸುತ್ತು ಜಾಸ್ತಿ, ಹದಿನಾಲ್ಕು ಕಿಲೋಮೀಟರ್ ಆಗುತ್ತದೆ. ಗುಡ್ಡದ ಮೇಲೆ ಐದಾರು. ಹತ್ತುವುದು ಕಷ್ಟವೇನಲ್ಲ. ಹದಿನೈದು ಇಪ್ಪತ್ತು ನಿಮಿಷ ಉಸಿರು ಬಿಟ್ಟುಕೊಂಡು ಹತ್ತಿದರೆ ಮೇಲೆ ಬಯಲು, ಕುರುಚಲು ಗಿಡ, ಗಾಳಿ. ನಡುನಡುವೆ ಚಪ್ಪಟೆ ಬಂಡೆಗಳು. ಅವುಗಳ ಮೇಲೆ ಅಲೆ ಅಲೆಯಾಗಿ ಗೆರೆ, ತಿಳಿನೀರಿನ ತಳದ ಮರಳಲ್ಲಿ ಇರುತ್ತದಲ್ಲ, ಹಾಗೆ. ಒಂದು ಕಾಲಕ್ಕೆ ಇದೆಲ್ಲ ನೀರಿನ ಕೆಳಗಿದ್ದ ಮರಳು, ಅದೇ ಗಟ್ಟಿಯಾಗಿ ಮರಳುಗಲ್ಲಾಗಿದೆ ಅಂತ ಹುಡುಗ ಹೇಳಿದ. ಅತ್ತಿಗೆ ಚಪ್ಪಲಿ ಬಿಚ್ಚಿ ಅದರ ಮೇಲೆ ಕಾಲಿಟ್ಟು ನೋಡಿದರು.

‘ಕೊಳ್ಳ’ ಅಂದರೆ ನಾನು ಕೊಳ, ಕೆರೆ ಇರಬೇಕು ಅಂದುಕೊಂಡಿದ್ದೆ. ‘ಅಲ್ರೀ ಅಕ್ಕಾರ, ಗುಡ್ಡದ ಸಂದಿಗೆ ಕೊಳ್ಳ ಅಂತೀವ್ರಿ’ ಅಂತ ಅವನು ನಕ್ಕ. ನಾಗನಾಥನ ಕೊಳ್ಳ, ಹುಲಿಗೆಮ್ಮನ ಕೊಳ್ಳ, ಐಹೊಳೆ ಕಡೆಯ ಸಿದ್ದನಕೊಳ್ಳ ಅಂತ ಬೆರಳು ಮಡಚಿ ಎಣಿಸಿದ. ಮಳೆ ನೀರು ಕಲ್ಲಿನ ಬಿರುಕಲ್ಲಿ ಇಳಿದು ಇಂಥ ಸಂದಿಗಳಲ್ಲಿ ಹೊರಗೆ ಬರುತ್ತದೆ. ನೀರು ಕಂಡ ಕಡೆ ಗುಡಿ ಎದ್ದಿದೆ. ಎರಡು ದಿನದಲ್ಲಿ ನಾನು ಕಲಿತ ಮುಖ್ಯ ವಿಷಯ ಇದೇ ಅನಿಸುತ್ತದೆ. ಕಾರಲ್ಲಿ ಬಂದಿದ್ದರೆ ನಾಲ್ಕು ಗುಡಿ ನೋಡಿ ವಾಪಸ್ ಹೋಗಿರುತ್ತಿದ್ದೆ, ಅವು ಅಲ್ಲೇ ಯಾಕಿವೆ ಅಂತ ಕೇಳುತ್ತಿರಲಿಲ್ಲ.

ಈಗ ‘ಸುಲಭ’ ಅನ್ನುವ ಮಾತಿಗೆ ಬರೋಣ. ಮಹಾಕೂಟಕ್ಕೆ ಇಳಿಯುವ ದಾರಿ ಸುಲಭ ಅಲ್ಲ. ಹಳೆಯ ಕಾಲದ ಕಲ್ಲು ಹಾಸು, ಕಾಲು ಸವೆಸಿ ಸವೆಸಿ ನುಣುಪಾಗಿದೆ. ಮೆಟ್ಟಿಲುಗಳ ಎತ್ತರ ಒಂದೊಂದು ಒಂದೊಂದು ತರ. ಹಿಡಿದುಕೊಳ್ಳಲು ಏನೂ ಇಲ್ಲ. ಹತ್ತುವಾಗ ಸುಮ್ಮನಿದ್ದ ಮಂಡಿ ಇಳಿಯುವಾಗ ಮಾತಾಡುತ್ತದೆ. ಅತ್ತಿಗೆ ಒಂದು ಕಡೆ ಕೂತೇ ಬಿಟ್ಟರು. ಹುಡುಗ ಅವಸರ ಮಾಡಲಿಲ್ಲ. ಎಲ್ಲಿಂದಲೋ ಒಂದು ಕೋಲು ತಂದ, ಎರಡು ಮೆಟ್ಟಿಲು ಕೆಳಗೆ ನಿಂತು ಹೆಗಲು ಕೊಟ್ಟ. ‘ನಿಮ್ಮ ಕಾಲಿನ ಲೆಕ್ಕದಾಗ ಇಳೀರಿ ಅಮ್ಮಾರ, ಗಡಿಯಾರದ್ದು ನನಗ ಬಿಡ್ರಿ’ ಅಂದ. ಅವನಿಗೆ ಐದಕ್ಕೆ ಐದು ಅಂಕ ಕೊಟ್ಟದ್ದು ಆ ಮೆಟ್ಟಿಲ ಮೇಲೆಯೇ. ಆದರೆ ಆಫೀಸಿನವರು ಮೊದಲೇ ‘ಇಳಿಜಾರಿದೆ, ಕೋಲು ತನ್ನಿ’ ಅಂತ ಒಂದು ಸಾಲು ಬರೆಯಬಹುದಿತ್ತು, ಅಲ್ವಾ?

ಕೆಳಗೆ ಬಾಗಿಲಲ್ಲಿ ಇಬ್ಬರು ಎಲುಬು ಕಾಣುವಂಥ ಕಾವಲುಗಾರರು, ಗಂಡು ಒಂದು ಹೆಣ್ಣು ಒಂದು. ಅತ್ತಿಗೆ ನೋಡಿ, ‘ಇವರೂ ಗುಡ್ಡ ಇಳಿದೇ ಬಂದಿರಬೇಕು’ ಅಂದರು. ಒಳಗೆ ದೊಡ್ಡ ಮರಗಳ ನೆರಳಲ್ಲಿ ಗುಡಿಗಳ ಗುಂಪು. ನಡುವೆ ವಿಷ್ಣು ಪುಷ್ಕರಣಿ. ಬುಗ್ಗೆಯ ನೀರು. ಹುಡುಗರು ದಡದಿಂದ ಹಾರಿ ಹಾರಿ ಈಜುತ್ತಿದ್ದರು. ನಾವು ಮೊಣಕಾಲವರೆಗೆ ಇಳಿಬಿಟ್ಟು ಕೂತೆವು. ಮಂಡಿ ನೋವಿಗೆ ಅದಕ್ಕಿಂತ ಒಳ್ಳೆಯ ಮುಲಾಮು ಸಿಗಲಿಲ್ಲ. ಇಲ್ಲಿದ್ದ, ಚಾಲುಕ್ಯ ದೊರೆ ಮಂಗಲೇಶನ ಕಾಲದ, ಸುಮಾರು 602ರ ಶಾಸನ ಕಂಬ ಈಗ ವಿಜಯಪುರದಲ್ಲಿ ಗೋಲಗುಂಬಜ್ ಮ್ಯೂಸಿಯಂನಲ್ಲಿದೆ. ಅದು ಶುಕ್ರವಾರ ತೆರೆದಿರುತ್ತದಾ ಅಂತ ಅತ್ತಿಗೆ ಕೇಳಿದರು.

ಊಟ ನಂದಿಕೇಶ್ವರ ಊರಿನ ಒಂದು ಮನೆಯಿಂದ ಬುತ್ತಿಯಲ್ಲಿ ಬಂತು. ಬಿಸಿ ಜೋಳದ ರೊಟ್ಟಿ, ಎಣಗಾಯಿ, ಮಡಿಕೆ ಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಗಟ್ಟಿ ಮೊಸರು. ಮುದ್ದೆ ತಿಂದು ಬೆಳೆದ ಬಾಯಿ ನಮ್ಮದು. ರೊಟ್ಟಿ ಅಷ್ಟು ಮೆತ್ತಗಿರುತ್ತದೆ ಅಂತ ಗೊತ್ತಿರಲಿಲ್ಲ. ನಾನು ಮೂರು ತಿಂದೆ. ಬೇರೆ ಏನೇ ಕೊರತೆ ಇರಲಿ, ಊಟಕ್ಕೆ ನನ್ನ ತಕರಾರಿಲ್ಲ. ರೊಟ್ಟಿ ಕಟ್ಟಿ ಕಳಿಸಿದ ಮನೆಯವರಿಗೆ ಕಂಪನಿ ಸರಿಯಾಗಿ ದುಡ್ಡು ಕೊಡುತ್ತದಾ ಅಂತಲೂ ಕೇಳಿದೆ. ಅವತ್ತಿಂದವತ್ತೇ ಕೊಡುತ್ತಾರಂತೆ. ಒಳ್ಳೆಯದು.

ಒಂದು ಮಾತು ನೆನಪಿರಲಿ. ಇದು ‘ನದಿ ಕಣಿವೆ’ ನಡಿಗೆ ಅಂತ ಹೆಸರಿಗೆ. ಮೊದಲ ದಿನ ಮಲಪ್ರಭೆ ಕಣ್ಣಿಗೇ ಬೀಳುವುದಿಲ್ಲ. ನನಗೆ ಬೇಜಾರಾಗಲಿಲ್ಲ, ಆದರೆ ಹೊಳೆ ದಂಡೆಯಲ್ಲೇ ಎರಡು ದಿನ ನಡೆಯುತ್ತೇವೆ ಅಂತ ಮಕ್ಕಳಿಗೆ ಆಸೆ ಹುಟ್ಟಿಸಿ ಕರೆದುಕೊಂಡು ಹೋಗಬೇಡಿ.

ಎರಡನೇ ದಿನ ಗಾಡಿಯಲ್ಲಿ ಸ್ವಲ್ಪ ದೂರ ಬಿಟ್ಟರು. ಅಲ್ಲಿಂದ ಹೊಲದ ದಾರಿ, ಫೋನಿನ ಲೆಕ್ಕದಲ್ಲಿ ಏಳು ಕಿಲೋಮೀಟರ್. ಇದು ನಿಜಕ್ಕೂ ಸುಲಭ. ಎತ್ತಿನ ಗಾಡಿಯ ಜಾಡು, ಎರೆ ಮಣ್ಣು, ಆಳೆತ್ತರದ ಹಿಂಗಾರಿ ಜೋಳ, ಕಡಲೆ, ಹಳದಿ ಹೂ ಬಿಟ್ಟ ಕುಸುಬೆ. ಒಂದು ಹೊಲದಲ್ಲಿ ಹಸಿ ಕಡಲೆ ಗಿಡ ಸುಟ್ಟು ಸುಲಗಾಯಿ ಮಾಡುತ್ತಿದ್ದರು. ‘ತಿನ್ನ ಬರ್ರವಾ’ ಅಂತ ಕರೆದರು. ಕೈ ಬಾಯಿ ಎಲ್ಲ ಮಸಿ. ಅಲ್ಲೇ ಮುಕ್ಕಾಲು ಗಂಟೆ ಕಳೆಯಿತು. ಡಾಂಬರು ರಸ್ತೆಯ ಒಂದು ತುಂಡು ಮಾತ್ರ ಹಿಂಸೆ. ಬಿಸಿಲು, ಲಾರಿ, ಧೂಳು. ಅದನ್ನು ಗಾಡಿಯಲ್ಲೇ ದಾಟಿಸಬಹುದಿತ್ತು.

ಪಟ್ಟದಕಲ್ಲಿನಲ್ಲಿ ಹುಡುಗ ಗುಡಿಗಳ ನಡುವೆ ಎಲ್ಲೂ ನಿಲ್ಲಿಸದೆ ನಮ್ಮನ್ನು ನೇರ ಹೊಳೆಗೆ ಕರೆದುಕೊಂಡು ಹೋದ. ಮೊದಲು ಅರ್ಥವಾಗಲಿಲ್ಲ. ವಿರೂಪಾಕ್ಷ ಗುಡಿಯ ಮುಖ ಪೂರ್ವಕ್ಕೆ, ಹೊಳೆಯ ಕಡೆಗೆ. ಟಿಕೆಟ್ ತಗೊಂಡು ಬರುವ ನಾವೆಲ್ಲ ಬೆನ್ನ ಕಡೆಯಿಂದ ಬರುತ್ತೇವೆ. ಹೊಳೆಯಿಂದ ತಿರುಗಿ ಬಂದರೆ ಮೊದಲು ಬಾಗಿಲು, ಆಮೇಲೆ ಕರಿಕಲ್ಲಿನ ನಂದಿ, ಆಮೇಲೆ ಗುಡಿ. ಕಂಚಿ ಗೆದ್ದ ಎರಡನೇ ವಿಕ್ರಮಾದಿತ್ಯನಿಗಾಗಿ ರಾಣಿ ಲೋಕಮಹಾದೇವಿ 740ರ ಸುಮಾರಿಗೆ ಕಟ್ಟಿಸಿದ್ದು. ಕಟ್ಟಿದ ಗುಂಡ ಎಂಬವನಿಗೆ ‘ತ್ರಿಭುವನಾಚಾರಿ’ ಅಂತ ಬಿರುದು ಕೊಟ್ಟದ್ದನ್ನೂ ಅಲ್ಲೇ ಕೆತ್ತಿದ್ದಾರೆ. ಕೆಲಸ ಮಾಡಿದವನ ಹೆಸರು ಬರೆದಿಟ್ಟಿರುವುದು ನನಗೆ ತುಂಬ ಹಿಡಿಸಿತು. 32 ವರ್ಷದಲ್ಲಿ ನನಗೆ ಒಂದು ಶಾಲು ಬಂದಿದೆ.

ಮಲಪ್ರಭೆ ಇಲ್ಲಿ ಉತ್ತರಕ್ಕೆ ಹರಿಯುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟು ದಾಟಿ ಇಲ್ಲಿಗೆ ಬರುವ ಹೊತ್ತಿಗೆ, ಜನವರಿಯಲ್ಲಿ, ಎಮ್ಮೆಗಳ ಹೊಟ್ಟೆ ನೆನೆಯುವಷ್ಟು ನೀರು. ಇದೇ ಹೊಳೆ 2019ರ ಆಗಸ್ಟಲ್ಲಿ ಗುಡಿಗಳ ಒಳಗೆ ನುಗ್ಗಿತ್ತು. ನೀರು ಎಲ್ಲಿವರೆಗೆ ಬಂದಿತ್ತು ಅಂತ ಹುಡುಗ ಗೋಡೆಗೆ ಕೈ ಇಟ್ಟು ತೋರಿಸಿದ. ಅವನ ಎದೆಮಟ್ಟ. ಆ ವಾರ ಅವನ ಮನೆಯವರು ಶಾಲೆಯಲ್ಲಿ ಮಲಗಿದ್ದರಂತೆ. ಅದನ್ನು ಹೇಳಿ ಅವನು ಸುಮ್ಮನಾದ, ನಾವೂ ಕೇಳಲಿಲ್ಲ. ಹೊಳೆ ದಂಡೆ ಹಿಡಿದು ಪಾಪನಾಥನ ಗುಡಿವರೆಗೆ ನಡೆದೆವು. ಎರಡು ದಿನದಲ್ಲಿ ನಿಜವಾದ ನದಿ ನಡಿಗೆ ಅಂದರೆ ಅದೇ ತುಂಡು, ಅರ್ಧ ಕಿಲೋಮೀಟರ್.

ನಾಲ್ಕಕ್ಕೆ ಬರಬೇಕಿದ್ದ ಗಾಡಿ ಐದೂವರೆಗೆ ಬಂತು. ಐಹೊಳೆ ನೋಡುವುದು ಹೋಯಿತು. ಪಟ್ಟಿಯಲ್ಲಿ ಅದೂ ಇತ್ತು. ಆಫೀಸಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ‘ಹತ್ತು ನಿಮಿಷ ಮೇಡಂ’.

ಅಂಕ ಕೇಳಿದರೆ ಗೈಡಿಗೆ ಐದು, ಊಟಕ್ಕೆ ಐದು, ಆಫೀಸಿಗೆ ಎರಡು. ಹೋಗುವುದಾದರೆ ಶನಿವಾರ ಶುರು ಮಾಡಿ. ಕೋಲು, ಟೊಪ್ಪಿ, ಎರಡು ಲೀಟರ್ ನೀರು ಇರಲಿ. ಬನದ ಹುಣ್ಣಿಮೆಯ ಆಸುಪಾಸು ಬನಶಂಕರಿ ಜಾತ್ರೆ, ಲಾಡ್ಜು ಮೊದಲೇ ಹಿಡಿದಿಡಿ. ಐಹೊಳೆಯನ್ನು ಇದರ ಜತೆ ಸೇರಿಸಬೇಡಿ, ಅದಕ್ಕೇ ಒಂದು ದಿನ ಬೇಕು.

ಊರಿಗೆ ಬಂದ ಮೇಲೆ ಮ್ಯೂಸಿಯಂ ವಿಷಯ ಫೋನ್ ಮಾಡಿ ಹೇಳಿದೆ. ‘ನೋಟ್ ಮಾಡ್ಕೊಂಡಿದೀವಿ ಮೇಡಂ’ ಅಂದರು. ನಿನ್ನೆ ಅವರ ಹೊಸ ಪಟ್ಟಿ ನೋಡಿದೆ. ಮೊದಲನೇ ದಿನ, ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆ: ಮ್ಯೂಸಿಯಂ ವೀಕ್ಷಣೆ.