ಪುಣೆ ಕಾಲೇಜಿಗೆ ಸಿ ಕಲಿಯೋಕೆ: ಟರ್ಬೋ ಸಿ, ಕೋಡ್‌ಬ್ಲಾಕ್ಸ್, ಇಲ್ಲಾ ಡಬ್ಲ್ಯೂಎಸ್‌ಎಲ್?

ತಮ್ಮಾ, ಕೋಥ್ರೂಡ್ ರೂಮಲ್ಲಿ ಕೂತು 'ಕೋನಿಯೋ ಡಾಟ್ ಹೆಚ್ ಸಿಗ್ತಿಲ್ಲ' ಅಂತ ಕೇಳಿದ್ಯಲ್ಲ, ಅದು ಸ್ಕ್ರೀನ್-ಕೀಬೋರ್ಡ್ ಕೆಲಸಕ್ಕೆ ಸೇರಿಸ್ಕೊಳ್ಳೋ ಹೆಡರ್ ಫೈಲು, ಎಲ್ಲಾ ಕಂಪೈಲರಲ್ಲೂ (ಸಿ ಕೋಡನ್ನ ಓಡೋ ಪ್ರೋಗ್ರಾಮ್ ಮಾಡೋ ಸಾಫ್ಟ್‌ವೇರ್) ಇರಲ್ಲ. ಮೊದಲು ಲ್ಯಾಬ್‌ನಲ್ಲಿ ಯಾವ ಕಂಪೈಲರ್ ಇದೆ ಅಂತ ನೋಡ್ಕೋ.

ಲ್ಯಾಬಲ್ಲಿ ಟರ್ಬೋ ಸಿ (ಡಾಸ್ ಕಾಲದ ಹಳೇ ಕಂಪೈಲರ್) ಇದ್ರೆ ಮನೇಲೂ ಡಾಸ್‌ಬಾಕ್ಸ್ (ಹಳೇ ಡಾಸ್ ಪ್ರೋಗ್ರಾಮ್ ಓಡಿಸೋ ಸಾಫ್ಟ್‌ವೇರ್) ಒಳಗೆ ಅದನ್ನೇ ಹಾಕ್ಕೋ, ಸ್ಕ್ರೀನ್ ಅಳಿಸೋ ಕ್ಲಿಯರ್‌ಸ್ಕ್ರೀನ್, ಗ್ರಾಫಿಕ್ಸ್ ಹೆಡರ್ ಎಲ್ಲಾ ಹಾಗೇ ಓಡುತ್ತೆ. ಹೆಡರ್ ಸಿಗ್ಲಿಲ್ಲ ಅಂದ್ರೆ ಆಪ್ಷನ್ಸ್‌ನ ಡೈರೆಕ್ಟರೀಸ್‌ನಲ್ಲಿ ಇನ್‌ಕ್ಲೂಡ್ ಪಾತ್ ಸರಿಮಾಡು, ಅಷ್ಟೇ. ಆದ್ರೆ ಅಲ್ಲಿ ಇಂಟ್ (ಪೂರ್ಣ ಸಂಖ್ಯೆ ಇಡೋ ಟೈಪ್) 16 ಬಿಟ್, 32767 ದಾಟಿದ್ರೆ ಉತ್ತರ ಕೆಡುತ್ತೆ, ಈ ಅಭ್ಯಾಸ ಇಟ್ಕೊಂಡು ಹಿಂಜೆವಾಡಿ ಐಟಿ ಕಂಪನಿ ಇಂಟರ್‌ವ್ಯೂಗೆ ಹೋಗ್ಬೇಡ ಅಂತ ಕಳಕಳಿಯಿಂದ ಹೇಳ್ತೀನಿ.

ಪರೀಕ್ಷೆ ಹತ್ರ ಇದೆ, ಬೇಗ ಶುರುವಾಗ್ಬೇಕು ಅಂದ್ರೆ ಕೋಡ್‌ಬ್ಲಾಕ್ಸ್ (ಕೋಡ್ ಬರೆದು ಅಲ್ಲೇ ಓಡಿಸೋ ಸಾಫ್ಟ್‌ವೇರ್) ಹಾಕ್ಕೋ, ಆದ್ರೆ ಹೆಸರಲ್ಲಿ ಮಿನ್‌ಜಿಡಬ್ಲ್ಯೂ (ವಿಂಡೋಸ್‌ಗೆ ಬರೋ ಕಂಪೈಲರ್) ಅಂತ ಇರೋ ಸೆಟಪ್ಪನ್ನೇ ಇಳಿಸ್ಕೋ, ಬರೀ ಎಡಿಟರ್ ಸೆಟಪ್ಪಲ್ಲಿ ಕಂಪೈಲರೇ ಇರಲ್ಲ, ಬಹಳ ಜನ ಇಲ್ಲೇ ಎಡವೋದು. ಇದ್ರಲ್ಲಿ ಒಂದು ಕೀ ಒತ್ತೋವರೆಗೂ ಕಾಯೋ ಗೆಟ್‌ಚ್ ಸಿಗುತ್ತೆ, ಕ್ಲಿಯರ್‌ಸ್ಕ್ರೀನ್ ಸಿಗಲ್ಲ, ಆ ಸಾಲು ತೆಗೆದುಬಿಡು.

ಡಬ್ಲ್ಯೂಎಸ್‌ಎಲ್ ಅಂದ್ರೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ವ್ಯವಸ್ಥೆ. ಅದ್ರಲ್ಲಿ ಉಬುಂಟು ಅನ್ನೋ ಲಿನಕ್ಸ್ ಹಾಕಿ ಬಿಲ್ಡ್-ಎಸೆನ್ಷಿಯಲ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದ್ರೆ ಜಿಸಿಸಿ ಕಂಪೈಲರ್, ಬಿಲ್ಡ್ ಮಾಡೋ ಮೇಕ್, ಸ್ಟ್ಯಾಂಡರ್ಡ್ ಹೆಡರ್ ಒಟ್ಟಿಗೇ ಬರ್ತವೆ. ಕೋನಿಯೋ ಮಾತ್ರ ಇರಲ್ಲ. ಸ್ಕ್ವೇರ್‌ರೂಟ್‌ಗೆ 'ಅನ್‌ಡಿಫೈನ್ಡ್ ರೆಫರೆನ್ಸ್' ಬಂದ್ರೆ ಅದು ಹೆಡರ್ ತಪ್ಪಲ್ಲ, ಪ್ರೋಗ್ರಾಮಿಗೆ ಲೈಬ್ರರಿ ಜೋಡಿಸೋ ಲಿಂಕರ್‌ದು, ಗಣಿತದ ಲೈಬ್ರರಿ ಸೇರೋ ಹಾಗೆ ಜಿಸಿಸಿ ಕಮ್ಯಾಂಡಿನ ಕೊನೇಲಿ ಮೈನಸ್ ಎಲ್‌ಎಮ್ (-lm) ಸೇರಿಸು.

ದುಡ್ಡು ಯಾವುದಕ್ಕೂ ಕೊಡಬೇಕಾಗಿಲ್ಲ. ಲ್ಯಾಪ್‌ಟಾಪಲ್ಲಿ 4 ಜಿಬಿ ರ‍್ಯಾಮ್ ಅಷ್ಟೇ ಇದ್ರೆ ಡಬ್ಲ್ಯೂಎಸ್‌ಎಲ್ ಭಾರ ಆಗ್ಬಹುದು, ಕೋಡ್‌ಬ್ಲಾಕ್ಸ್ ಸಾಕು. ಮುಂದೆ ಲಿನಕ್ಸ್ ಕೆಲ್ಸ ಮಾಡೋ ಆಸೆ ಇದ್ರೆ ಈಗ್ಲೇ ಡಬ್ಲ್ಯೂಎಸ್‌ಎಲ್ ಹಾಕ್ಕೋ.