ಮಲೆನಾಡಿನ ಮಳೆಗೆ ಯಾವ ಹಬ್: ಬಿಡಿ ಬಾಲ್ಸಾ, ಸೀಲ್ಡ್ ಬೇರಿಂಗಾ?

ತೀರ್ಥಹಳ್ಳಿ, ಆಗುಂಬೆ ಕಡೆ ಮಳೆಗಾಲದಲ್ಲೂ ಸೈಕಲ್ ಓಡಿಸುವವರು ಗೇರಿಗಿಂತ ಮೊದಲು ಹಬ್, ಅಂದರೆ ಚಕ್ರದ ನಡುವೆ ಆಕ್ಸಲ್ ಸುತ್ತ ತಿರುಗುವ ಭಾಗ, ನೋಡಬೇಕು. ಆಗುಂಬೆಗೆ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬೀಳುತ್ತದೆ. ಆ ನೀರಿನ ಜೊತೆ ಕೆಂಪು ಕೆಸರೂ ಹಬ್ ಒಳಗೆ ನುಗ್ಗುತ್ತದೆ.

ಬಿಡಿ ಬಾಲ್ಸ್ ಹಬ್, ಅಂದರೆ ಒಳಗೆ ಸ್ಟೀಲ್ ಗುಂಡುಗಳು ಬಿಡಿಬಿಡಿಯಾಗಿರುವ ಹಬ್, ಅಗ್ಗ, ಸಣ್ಣ ಊರಲ್ಲೂ ರಿಪೇರಿ ಆಗುತ್ತದೆ. ಆದರೆ ಗ್ರೀಸ್ ತೊಳೆದುಹೋದರೆ ಆಕ್ಸಲ್ ಮೇಲೆ ಗುಂಡು ಉರುಳುವ ಕೋನ್ ಅನ್ನೋ ಭಾಗದ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಚಕ್ರ ಬಿಚ್ಚಿ, ಆಕ್ಸಲನ್ನು ಬೆರಳಲ್ಲಿ ನಿಧಾನಕ್ಕೆ ತಿರುಗಿಸಿ. ಮರಳು ಅರೆದ ಹಾಗೆ ಗರಗರ ಅಂದರೆ ತಡ ಮಾಡಬೇಡಿ. ಕೋನ್ ಬದಲಾಯಿಸಬಹುದು; ಗುಂಡು ಕೂರುವ ಹಬ್ಬಿನ ಕಪ್ಪೇ ಸವೆದರೆ ಸಾಮಾನ್ಯವಾಗಿ ಹೊಸ ಹಬ್ಬೇ ಗತಿ.

ಸೀಲ್ಡ್ ಹಬ್‌ಗೆ, ಅಂದರೆ ಗುಂಡುಗಳನ್ನು ಒಳಗೆ ಮುಚ್ಚಿದ ಇಡೀ ಬೇರಿಂಗ್ ಕೂರಿಸಿದ ಹಬ್‌ಗೆ, ದುಡ್ಡು ಜಾಸ್ತಿ. ಆದರೂ ಘಟ್ಟದಲ್ಲಿ ಓಡಾಡುವವರಿಗೆ ನಾನು ಹೇಳುವುದು ಇದನ್ನೇ. ಬೇರಿಂಗ್ ಮೇಲೆ 6001, 6902 ತರಹದ ನಂಬರ್ ಇರುತ್ತದೆ. ಅದೇ ನಂಬರ್ ಹೇಳಿ ಶಿವಮೊಗ್ಗದ ಬೇರಿಂಗ್ ಅಂಗಡಿಯಲ್ಲಿ ಕೇಳಿ. ಎರಡೂ ಕಡೆ ರಬ್ಬರ್ ಸೀಲ್ ಇರಲಿ. ಪ್ರೆಶರ್ ವಾಶ್ ಮಾತ್ರ ಬೇಡವೇ ಬೇಡ.

ಹಿಂದಿನ ಚಕ್ರಕ್ಕೆ ಇನ್ನೊಂದು ಲೆಕ್ಕ. ಪೆಡಲ್ ನಿಲ್ಲಿಸಿದರೂ ಚಕ್ರ ಓಡಲು ಬಿಡುವ ಭಾಗ ಫ್ರೀವೀಲಲ್ಲಿ ಹಲ್ಲುಚಕ್ರದ ಜೊತೆಗಿರುತ್ತದೆ, ಫ್ರೀಹಬ್ಬಲ್ಲಿ ಹಬ್ಬಿನದೇ ಭಾಗ. ಫ್ರೀವೀಲ್ ಹಬ್ಬಲ್ಲಿ ಬಲಗಡೆ ಬೇರಿಂಗ್ ತುಂಬಾ ಒಳಗಿರುತ್ತದೆ, ಭಾರ ಹೇರಿದರೆ ಆಕ್ಸಲ್ ಬಾಗುತ್ತದೆ. ಫ್ರೀಹಬ್ಬಲ್ಲಿ ಬೇರಿಂಗ್ ಅಂಚಿಗೆ ಹತ್ತಿರ, ಅದೇ ಗಟ್ಟಿ.

ಕಂಪನಿ ಹೇಳದಿದ್ದರೂ ಹಿಂದಿನ ಹಬ್ ಕೂರುವ ಜಾಗ 130 ಮಿ.ಮೀ. ಇರುವ ಸ್ಟೀಲ್ ಫ್ರೇಮನ್ನು, 135ರ ಹಬ್ ಹಿಡಿಸಲು, 135ಕ್ಕೆ ಅಗಲಿಸಬಹುದು, ತಿಳಿದವರ ಕೈಯಲ್ಲಿ. ಅಲ್ಯೂಮಿನಿಯಂ ಫ್ರೇಮಿಗೆ ಈ ಕೆಲಸ ಬೇಡ, ಬಿರುಕು ಬಿಡುತ್ತದೆ. ಡಿಸ್ಕ್ ಬ್ರೇಕಿಗೆ ಮಾಡದ ಫೋರ್ಕಿಗೆ ಡಿಸ್ಕ್ ಕೂರಿಸುವುದೂ ಬೇಡ. ಬ್ರೇಕ್ ಹಿಡಿದಾಗ ಜೋರೆಲ್ಲ ಫೋರ್ಕಿನ ಒಂದೇ ಕಾಲಿನ ಮೇಲೆ ಬೀಳುತ್ತದೆ, ಅದೂ ಘಟ್ಟ ಇಳಿಯುವಾಗ.