‘ಇಂಡಸ್ಟ್ರಿ ಸಿಲಬಸ್’ ಅಂತ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ

ಇಂಜಿನಿಯರಿಂಗ್‌ಗೆ ಮಕ್ಕಳನ್ನು ಸೇರಿಸುವವರು ದಯವಿಟ್ಟು ಓದಿ. ಕಂಪನಿಗಳಿಗೆ ಬೇಕಾದದ್ದನ್ನೇ ಕಲಿಸುತ್ತೇವೆ ಎಂದು ಹೇಳಿ ನಮ್ಮನ್ನು ನಾಲ್ಕು ವರ್ಷ ಸುಲಿದರು.

ಮಗಳಿಗೆ ಸಿಇಟಿಯಲ್ಲೇ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತ್ತು. ಸೀಟು ಹಂಚುವ ಕೆಇಎಗೆ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಫೀಸ್ ಕಟ್ಟಿಯಾಗಿತ್ತು. ಅಡ್ಮಿಶನ್ ದಿನ ‘ಸ್ಕಿಲ್ ಲ್ಯಾಬ್’ಗೆ ಅಂತ ವರ್ಷಕ್ಕೆ 40,000 ಬೇರೆ ಕೇಳಿದರು. "ಸಿಲಬಸ್ಸನ್ನೇ ಇಂಡಸ್ಟ್ರಿಗೆ ತಕ್ಕ ಹಾಗೆ ಬದಲಾಯಿಸಿದ್ದೇವೆ ಸರ್" ಅಂದರು. ಗೋಡೆ ತುಂಬಾ ಕಂಪನಿಗಳ ಲೋಗೋ.

ಹೇಗೆ ಬದಲಾಯಿಸುತ್ತಾರೆ ಹೇಳಿ? ಅದು ತನ್ನದೇ ಸಿಲಬಸ್ ಮಾಡಿಕೊಳ್ಳುವ ಅಟಾನಮಸ್ ಕಾಲೇಜೇ ಅಲ್ಲ. ಸಿಲಬಸ್ಸೂ ಪ್ರಶ್ನೆಪತ್ರಿಕೆಯೂ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುದು. ಒಂದಕ್ಷರ ಬದಲಾಯಿಸುವ ಅಧಿಕಾರ ಇವರಿಗಿಲ್ಲ!

ಸ್ಕಿಲ್ ಕ್ಲಾಸಲ್ಲಿ ನಡೆಯುತ್ತಿದ್ದದ್ದು ಏನು ಗೊತ್ತಾ? ಪ್ರೊಜೆಕ್ಟರ್‌ನಲ್ಲಿ ಎನ್‌ಪಿಟೆಲ್ ವಿಡಿಯೋ. ಐಐಟಿ ಮೇಷ್ಟ್ರುಗಳ ಪಾಠ, ಒಳ್ಳೆಯದೇ. ಆದರೆ ಅದನ್ನು ಯಾರು ಬೇಕಾದರೂ ಮನೆಯಲ್ಲೇ ಪುಕ್ಕಟೆ ನೋಡಬಹುದು. ಪುಕ್ಕಟೆ ಸಿಗುವುದಕ್ಕೆ 40,000. ಪ್ರತಿ ವರ್ಷ.

ಬಂಡವಾಳ ಬಯಲಾಗಿದ್ದು ಕೊನೆಯ ವರ್ಷದ ಇಂಟರ್‌ವ್ಯೂನಲ್ಲಿ. ಮಾಹಿತಿಯ ಎರಡು ಟೇಬಲ್ ಕೊಟ್ಟು, ಜಾಯಿನ್ ಹಾಕಿ ಎರಡನ್ನೂ ಜೋಡಿಸಿ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್ ಕ್ವೆರಿ ಬರೆಯಮ್ಮ ಅಂದರಂತೆ. ಡಿಬಿಎಂಎಸ್‌ನಲ್ಲಿ (ಇದನ್ನೇ ಕಲಿಸುವ ಡೇಟಾಬೇಸ್ ವಿಷಯ) ಒಳ್ಳೆ ಮಾರ್ಕ್ಸ್ ತೆಗೆದ ಹುಡುಗಿ. ಲ್ಯಾಬ್ ರೆಕಾರ್ಡಲ್ಲಿದ್ದ ಕ್ವೆರಿಗಳೆಲ್ಲ ಬಾಯಿಪಾಠ. ಹೊಸದು ಕೊಟ್ಟರೆ ಕೈ ಓಡಲಿಲ್ಲ. ಕೋಡ್ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಬಳಸಿದ್ದೀಯಾ ಅಂದರೆ, ಹೆಸರು ಕೇಳಿದ್ದೀನಿ ಅಂದಳಂತೆ. ಮನೆಗೆ ಬಂದವಳು ಊಟ ಮಾಡಲಿಲ್ಲ. ಕಂಪನಿಯವರೇ ಬಂದು ಕಲಿಸುತ್ತಾರೆ ಅಂತ ನೆಂಟರಿಗೆಲ್ಲ ಹೇಳಿದ್ದೆ ನಾನು. ಈಗ ಅವರ ಎದುರು ತಲೆ ಎತ್ತಲು ಆಗುತ್ತಿಲ್ಲ.

ಕೇಳೋಣ ಅಂತ ಕಾಲೇಜಿಗೆ ಹೋದೆ. ಪ್ಲೇಸ್‌ಮೆಂಟ್ ಆಫೀಸರ್ ಹೇಳಿದ್ದು: "ಮಕ್ಕಳು ತಾವೇ ಪ್ರಾಕ್ಟೀಸ್ ಮಾಡಬೇಕಲ್ವಾ ಸರ್?"

ಲೋಗೋ ಹಾಕಿದ್ದೀರಲ್ಲ, ಆ ಕಂಪನಿಗಳಿಂದ ಯಾರು ಬಂದಿದ್ದರು?

"ಅವರ ಜೊತೆ ಎಂಒಯು (ಒಪ್ಪಂದ) ಆಗಿದೆ ಸರ್."

ತೋರಿಸಿ.

"ಅದು ಮ್ಯಾನೇಜ್‌ಮೆಂಟ್ ಹತ್ತಿರ ಇರುತ್ತೆ."

ಪ್ರಿನ್ಸಿಪಾಲರು ಇನ್ನೂ ಒಂದು ಹೆಜ್ಜೆ ಮುಂದೆ. "ಸ್ಕಿಲ್ ಲ್ಯಾಬ್‌ಗೆ ನಾವು ದುಡ್ಡು ತಗೊಂಡೇ ಇಲ್ಲ, ರಸೀದಿ ನೋಡಿ" ಅಂದರು! ಮನೆಗೆ ಬಂದು ತೆಗೆದು ನೋಡಿದೆ. ‘ಇತರೆ’ ಅಂತಿದೆ. ನಾಲ್ಕೂ ವರ್ಷದ ರಸೀದಿಯಲ್ಲಿ ‘ಇತರೆ’. ಬೇಕಂತಲೇ ಹಾಗೆ ಬರೆದಿದ್ದಾರೆ, ಬೇಕಂತಲೇ.

ದುಡ್ಡು ಕೊಡುವ ಮುಂಚೆ ಹೋದ ವರ್ಷ ಪಾಸಾದ ಮಕ್ಕಳನ್ನು ಹುಡುಕಿ ಕೇಳಿ. ಎಂಒಯು ಕಾಗದವನ್ನು ಕಣ್ಣಾರೆ ನೋಡಿ. ಯಾವುದಕ್ಕೆ ದುಡ್ಡು ಅಂತ ರಸೀದಿಯಲ್ಲಿ ಬರೆಸಿಕೊಳ್ಳಿ, ಬರೆಯಲ್ಲ ಅಂದರೆ ಒಂದು ಪೈಸೆಯೂ ಕೊಡಬೇಡಿ. ಸೀಟು ಹೋಗುತ್ತೆ ಅಂತ ಹೆದರಿಸಿದರೆ ಕೆಇಎಗೆ ಬರೆದು ಕೊಡಿ. ನಾನು ರಸೀದಿಗಳ ಜೆರಾಕ್ಸ್ ಲಗತ್ತಿಸಿ ದೂರು ಕೊಟ್ಟಿದ್ದೇನೆ. ಅದೇ ಕಾಲೇಜಲ್ಲಿ ‘ಇತರೆ’ ಅಂತ ಕಟ್ಟಿದವರು ಇದ್ದರೆ ನೀವೂ ಕೊಡಿ.